ದೋಣಿ ಹೊರಡದ ದಿನ ನೋಡಿ ಊರು ಆರಿಸಿ: ಉತ್ತರದ ಕಡಲಹಕ್ಕಿ ಊರುಗಳ ಹೋಲಿಕೆ

ಜೂನ್ 1 ಬಂತೆಂದರೆ ನಮ್ಮ ಗಂಗೊಳ್ಳಿಯಲ್ಲಿ ಬೋಟುಗಳೆಲ್ಲ ದಡಕ್ಕೆ ಬಿದ್ದವು ಎಂದೇ ಲೆಕ್ಕ. ಜುಲೈ 31ರ ತನಕ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬಲೆ ಹೆಣೆಯುವವರು ಹೆಣೆಯುತ್ತಾರೆ, ಉಳಿದವರು ಮಳೆ ನೋಡುತ್ತಾರೆ. ಅದೇ 61 ದಿನಗಳಲ್ಲಿ ನಾರ್ವೆ, ಐಸ್‌ಲ್ಯಾಂಡ್‌ಗಳ ತುತ್ತತುದಿಯ ಮೀನುಗಾರರ ಊರುಗಳಲ್ಲಿ ಸಣ್ಣ ದೋಣಿಗಳಿಗೆ ಪುರುಸೊತ್ತಿರುವುದಿಲ್ಲ. ಲಕ್ಷಗಟ್ಟಲೆ ಕಡಲಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡಲು ಬಂಡೆಗಳಿಗೆ ಬಂದಿರುತ್ತವೆ, ಅವನ್ನು ನೋಡಲು ನಾವು ಬಂದಿರುತ್ತೇವೆ.

ನಾನು ಓಸ್ಲೋಗೆ ಬಂದು ಕೆಲವು ವರ್ಷಗಳಾದವು. ಪ್ರತಿ ಮಾರ್ಚ್‌ನಲ್ಲಿ ಊರಿಂದಲೋ ಬೆಂಗಳೂರಿಂದಲೋ ಒಂದು ಫೋನ್ ಬರುತ್ತದೆ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಯ ಫೋಟೊ ಕಳಿಸಿ, "ಇದು ಎಲ್ಲಿ ಜಾಸ್ತಿ ಇರುತ್ತೆ, ಅಲ್ಲಿಗೇ ಹೋಗೋಣ" ಅನ್ನುತ್ತಾರೆ. ಆ ಪ್ರಶ್ನೆಯೇ ಸರಿಯಿಲ್ಲ. ಈ ಊರುಗಳಲ್ಲಿ ಯಾವುದಕ್ಕೇ ಹೋದರೂ ಹಕ್ಕಿಗೆ ಬರವಿಲ್ಲ, ಒಂದು ಸಾವಿರ ಮತ್ತು ಒಂದು ಲಕ್ಷದ ನಡುವಿನ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಕೇಳಬೇಕಾದ್ದು ಬೇರೆ: ಗಾಳಿ ಎದ್ದು ದೋಣಿ ಹೊರಡದಿದ್ದರೆ ಆ ದಿನ ಏನು ಮಾಡುತ್ತೀರಿ? ನಾಲ್ಕು ದಿನದ ಪ್ರವಾಸದಲ್ಲಿ ಒಂದು ದಿನ ಹಾಗಾಗುವುದು ಇಲ್ಲಿ ತೀರಾ ಮಾಮೂಲು. ಊರನ್ನು ಆ ದಿನ ನೋಡಿ ಆರಿಸಬೇಕು.

ಎಣಿಕೆಯನ್ನು ನಂಬಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ರೊಸ್ತ್. ಲೊಫೋಟೆನ್ ದ್ವೀಪಸಾಲಿನ ಕಟ್ಟಕಡೆಯ ಊರು ಅದು. ಹಳೆಯ ಪುಸ್ತಕಗಳಲ್ಲಿ ನಾರ್ವೆಯ ಅತಿ ದೊಡ್ಡ ಪಫಿನ್ ನೆಲೆ ಎಂದು ಅದರ ಹೆಸರಿರುತ್ತದೆ. 1979ರಲ್ಲಿ ಅಲ್ಲಿ ಹದಿನಾಲ್ಕು ಲಕ್ಷದಷ್ಟು ಜೋಡಿಗಳಿದ್ದವು, ಈಗ ಅದರ ಕಾಲುಭಾಗವೂ ಇಲ್ಲ. ದಕ್ಷಿಣದಲ್ಲಿ ಮೊಟ್ಟೆಯೊಡೆದ ಹೆರಿಂಗ್ ಮೀನಿನ ಮರಿಗಳು ಕರಾವಳಿಯ ಪ್ರವಾಹದಲ್ಲಿ ತೇಲಿಕೊಂಡು ರೊಸ್ತ್ ಕಡೆಗೆ ಬರುವ ಹೊತ್ತಿಗೂ ಪಫಿನ್ ಮರಿಗಳು ಬಿಲದಲ್ಲಿ ಬಾಯಿ ತೆರೆಯುವ ಹೊತ್ತಿಗೂ ತಾಳೆಯಾಗಬೇಕು. ಅದು ತಪ್ಪಿದ ವರ್ಷ ಮರಿಗಳು ಹಸಿವಿನಿಂದ ಸಾಯುತ್ತವೆ. ತಪ್ಪಿದ ವರ್ಷಗಳೇ ಹೆಚ್ಚಾಗಿವೆ. ಹಾಗಂತ ರೊಸ್ತ್‌ಗೆ ಹೋಗಬೇಡಿ ಅನ್ನುತ್ತಿಲ್ಲ. ಆದರೆ ಹೋಗುವುದಾದರೆ ಒಣಮೀನಿಗಾಗಿ ಹೋಗಿ. ಫೆಬ್ರವರಿಯಿಂದ ಮೇವರೆಗೆ ಕಾಡ್ ಮೀನನ್ನು ಬಾಲಕ್ಕೆ ಬಾಲ ಕಟ್ಟಿ ಮರದ ಅಟ್ಟಣಿಗೆಯ ಮೇಲೆ ನೇತುಹಾಕುತ್ತಾರೆ. ಒಂದು ಹರಳು ಉಪ್ಪೂ ಇಲ್ಲ, ಸುಡುಬಿಸಿಲೂ ಇಲ್ಲ, ಬರೀ ತಣ್ಣನೆ ಗಾಳಿ. 1432ರ ಚಳಿಗಾಲದಲ್ಲಿ ಹಡಗೊಡೆದು ಅಲ್ಲಿ ದಡ ಸೇರಿದ ವೆನಿಸ್‌ನ ಪಿಯೆತ್ರೊ ಕ್ವೆರಿನಿ ಈ ಮೀನಿನ ರುಚಿಯನ್ನು ತನ್ನ ಊರಿಗೆ ಒಯ್ದ ಎನ್ನುತ್ತಾರೆ. ಇಟಲಿಯವರು ಇವತ್ತಿಗೂ ಅದರ ದೊಡ್ಡ ಗಿರಾಕಿಗಳು. ವಾಸನೆಯ ವಿಷಯದಲ್ಲಿ ಮಾತ್ರ ನಮ್ಮ ಒಣಮೀನಿಗೂ ಅದಕ್ಕೂ ಏನೂ ಭೇದವಿಲ್ಲ.

ದೋಣಿಯೇ ಬೇಡ ಎನ್ನುವವರಿಗೆ

ಕಡಲೆಂದರೆ ಹೊಟ್ಟೆ ತೊಳಸುವವರು, ಎರಡು ವರ್ಷದ ಮಗುವಿರುವವರು, ಒಂದೇ ದಿನ ಕೈಯಲ್ಲಿರುವವರು ಪೂರ್ವ ಐಸ್‌ಲ್ಯಾಂಡಿನ ಬೋರ್ಗಾರ್‌ಫ್ಯೋರ್ದುರ್ ಎಯ್ಸ್ಟ್ರಿಗೆ ಹೋಗಿ. ಹೆಸರಿನ ಕೊನೆಯ ಪದವನ್ನು ಬಿಡಬೇಡಿ. ಅದೇ ಬೋರ್ಗಾರ್‌ಫ್ಯೋರ್ದುರ್ ಹೆಸರಿನ ಇನ್ನೊಂದು ಜಾಗ ದೇಶದ ಪಶ್ಚಿಮದಲ್ಲಿದೆ, ಮೊಬೈಲಿನ ನಕ್ಷೆ ನಿಮ್ಮನ್ನು ದೇಶದ ಆಚೆ ತುದಿಗೆ ಕರೆದೊಯ್ದೀತು. ರೇಕ್ಯಾವಿಕ್‌ನಿಂದ ಎಯಿಲ್‌ಸ್ಟಾದಿರ್‌ಗೆ ವಿಮಾನದಲ್ಲಿ ಒಂದು ಗಂಟೆ, ಅಲ್ಲಿಂದ 70 ಕಿ.ಮೀ. ರಸ್ತೆ. ನೂರರ ಆಸುಪಾಸು ಜನರಿರುವ ಊರು.

ಊರಿಂದ ಐದು ಕಿ.ಮೀ. ಆಚೆ, ಮೀನುದೋಣಿಗಳ ಬಂದರಿಗೆ ಅಂಟಿಕೊಂಡೇ ಹಾಫ್ನಾರ್‌ಹೋಲ್ಮಿ ಎಂಬ ಗುಡ್ಡೆಯಿದೆ. ಮರದ ಮೆಟ್ಟಿಲು ಹತ್ತಿ ಅಟ್ಟಣಿಗೆಯ ಮೇಲೆ ನಿಂತರೆ ಪಫಿನ್‌ಗಳು ಕೈಗೆಟಕುವಷ್ಟು ಹತ್ತಿರ. ಕೈ ಚಾಚಬಾರದು ಅಷ್ಟೆ. ಏಪ್ರಿಲ್ ಮಧ್ಯಕ್ಕೆ ಬಂದು ಆಗಸ್ಟ್ ಮಧ್ಯಕ್ಕೆ ಹೊರಟುಬಿಡುತ್ತವೆ. ಮರಿ ಮಾಡುವ ಬಿಲಗಳು ಹುಲ್ಲಿನ ಕೆಳಗಿರುವುದರಿಂದ ಅಟ್ಟಣಿಗೆ ಬಿಟ್ಟು ಕಾಲಿಡುವ ಹಾಗಿಲ್ಲ. ಇಲ್ಲಿ ಗಾಳಿ ಬೀಸಿದರೂ ನಷ್ಟವಿಲ್ಲ, ಮಳೆ ಬಂದರೆ ಕಾರಿನಲ್ಲಿ ಕೂತು ನಿಂತಮೇಲೆ ಮತ್ತೆ ಹತ್ತಬಹುದು. ಊರಿನ ಚರ್ಚಿನಲ್ಲಿ ಕ್ಯಾರ್ವಾಲ್ ಎಂಬ ಚಿತ್ರಕಾರ 1914ರಲ್ಲಿ ಬರೆದುಕೊಟ್ಟ ಏಸುವಿನ ಚಿತ್ರವಿದೆ. ಏಸು ನಿಂತಿರುವುದು ಈ ಊರಿನ ಗುಡ್ಡದ ಮೇಲೆ, ಹಿಂದೆ ಕಾಣುವುದು ಈ ಊರಿನದೇ ಬೆಟ್ಟಸಾಲು. ಬಿಷಪ್‌ಗೆ ಅದು ಸರಿಬರಲಿಲ್ಲವಂತೆ, ಊರವರು ಕೇರ್ ಮಾಡಲಿಲ್ಲ.

ಸುಲಭವಾಗಿ, ಖಂಡಿತವಾಗಿ ಪಫಿನ್ ಸಿಗಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆದರೂ ನಾನು ಮೊದಲು ಹೇಳುವ ಹೆಸರು ಇದಲ್ಲ. ಕಾರಣ, ಇಲ್ಲಿ ಹಕ್ಕಿಬಂಡೆ ಎಂದರೇನು ಅನ್ನುವುದು ತಿಳಿಯುವುದಿಲ್ಲ. ಮೈಮೇಲೆ ಬಿದ್ದ ಹಾಗಿನ ಆ ಗದ್ದಲ, ಆ ನಾತ, ತಲೆಯ ಮೇಲೆ ಮಹಡಿ ಮಹಡಿಯಾಗಿ ಕೂತ ಹಕ್ಕಿಗಳು ಇಲ್ಲಿಲ್ಲ. ಚೆಂದದ ಹಕ್ಕಿ ನೋಡಿ ಬರಬಹುದು.

ಹತ್ತು ನಿಮಿಷದ ದೋಣಿ

ನಾನು ಮೊದಲು ಹೇಳುವ ಹೆಸರು ವಾರ್ಡೋ. ನಾರ್ವೆಯ ಪೂರ್ವದ ತುದಿ. ನಕ್ಷೆಯಲ್ಲಿ ಗೆರೆ ಎಳೆದರೆ ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕೆ ಬರುತ್ತದೆ. ಸುಮಾರು 2,000 ಜನ, ದ್ವೀಪದ ಮೇಲಿನ ಊರು. ಹಾಗಿದ್ದೂ ಸೇರಲು ದೋಣಿ ಬೇಡ, 1982ರಲ್ಲಿ ಕಡಲಡಿಯಲ್ಲಿ ಕೊರೆದ ಸುರಂಗವಿದೆ, ನಾರ್ವೆಯ ಮೊದಲ ಕಡಲಡಿ ಸುರಂಗ ಅದೇ. ಶೆರ್ಕೆನೆಸ್‌ವರೆಗೆ ವಿಮಾನದಲ್ಲಿ ಬಂದು ಅಲ್ಲಿಂದ 240 ಕಿ.ಮೀ.ಯಷ್ಟು ಕಾರು ಓಡಿಸಬೇಕು. ಬರ್ಗೆನ್‌ನಿಂದ ಹೊರಡುವ ಕರಾವಳಿ ಹಡಗೂ ಇಲ್ಲಿ ನಿಲ್ಲುತ್ತದೆ, ಆದರೆ ನಿಲ್ಲುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಹಕ್ಕಿ ನೋಡಿ ಬರುತ್ತೇನೆ ಅಂದುಕೊಳ್ಳಬೇಡಿ, ಇಳಿದೇ ಬಿಡಿ.

ಊರ ಬಂದರಿನಿಂದ ಹೋರ್ನೊಯಾ ದ್ವೀಪಕ್ಕೆ ದೋಣಿಯಲ್ಲಿ ಸುಮಾರು ಹತ್ತು ನಿಮಿಷ. ಇಳಿದ ಕೂಡಲೇ ಬಂಡೆ ತಲೆಯ ಮೇಲೇ ಇದೆ, ಹುಡುಕುವುದು ಏನೂ ಇಲ್ಲ. ಗಿಲಿಮಾಟ್ ಎಂಬ ಕಪ್ಪುಬಿಳಿ ಕಡಲಹಕ್ಕಿಗಳು ಬಸ್ಸಿನಲ್ಲಿ ನಿಂತ ಜನರ ಹಾಗೆ ಭುಜಕ್ಕೆ ಭುಜ ಒತ್ತಿ ನಿಂತಿರುತ್ತವೆ. ಅವುಗಳಲ್ಲೇ ಎರಡು ಜಾತಿ, ಸಾಮಾನ್ಯ ಗಿಲಿಮಾಟ್ ಮತ್ತು ಬ್ರೂನಿಕ್ ಗಿಲಿಮಾಟ್. ಎರಡನೆಯದು ಅಪ್ಪಟ ಉತ್ತರದ ಹಕ್ಕಿ, ಅದನ್ನು ಇಷ್ಟು ಸುಲಭವಾಗಿ, ಇಷ್ಟು ಹತ್ತಿರದಿಂದ ನೋಡುವ ಜಾಗಗಳು ಯುರೋಪಿನಲ್ಲಿ ಬಹಳ ಇಲ್ಲ. ರೇಜರ್‌ಬಿಲ್, ಪಫಿನ್, ಕಿಟಿವೇಕ್, ಹಸಿರುಗಣ್ಣಿನ ಶ್ಯಾಗ್ ಎಲ್ಲವೂ ಒಂದೇ ಗೋಡೆಯ ಬೇರೆ ಬೇರೆ ಮಹಡಿಗಳಲ್ಲಿ. ಪಫಿನ್‌ಗೆ ಮೇಲಿನ ಹುಲ್ಲುಮಣ್ಣು ಬೇಕು, ಕಿಟಿವೇಕ್ ಕಡಿದಾದ ಗೋಡೆಗೆ ಗೂಡು ಮೆತ್ತುತ್ತದೆ, ಶ್ಯಾಗ್ ಕೆಳಗೆ. ಗಿಲಿಮಾಟ್ ಗೂಡನ್ನೇ ಕಟ್ಟುವುದಿಲ್ಲ, ಬರಿ ಕಲ್ಲಿನ ಮೇಲೆ ಒಂದು ಮೊಟ್ಟೆ. ಮೂರು ವಾರದ ಮರಿ, ಇನ್ನೂ ಹಾರಲು ಬಾರದ್ದು, ಒಂದು ಸಂಜೆ ಅಲ್ಲಿಂದ ನೇರ ಕಡಲಿಗೆ ಜಿಗಿಯುತ್ತದೆ. ಕೆಳಗೆ ನೀರಲ್ಲಿ ಅಪ್ಪ ಕೂಗುತ್ತಿರುತ್ತಾನೆ. ಜಿಗಿಯುವುದನ್ನು ನೋಡಬೇಕೆಂದರೆ ಜುಲೈ ಮೊದಲ ವಾರಗಳು. ಮಂಜಿನ ಹಿನ್ನೆಲೆಯಲ್ಲಿ ಫೋಟೊ ಬೇಕೆನ್ನುವವರು ಮಾರ್ಚ್ ಕೊನೆಗೇ ಬರುತ್ತಾರೆ. ಆಗಸ್ಟ್ ಮಧ್ಯಕ್ಕೆ ಬಂದರೆ ಖಾಲಿ ಬಂಡೆ, ಮೇಲೆ ಸುಣ್ಣ ಬಳಿದ ಹಾಗೆ ಹಿಕ್ಕೆ.

ಎರಡು ವರ್ಷದ ಕೆಳಗೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಬೆಳಿಗ್ಗೆ ಕಿಟಕಿಯಿಂದ ಹೊರಗೆ ನೋಡಿ, "ಇವತ್ತ್ ದೋಣಿ ಹೋತಿಲ್ಲ ಮಗಾ" ಅಂದಳು. ಹವಾಮಾನದ ಆ್ಯಪ್ ನೋಡಿದೆ, ಗಾಳಿ ಸಾಧಾರಣ ಅಂತಿತ್ತು. ಅರ್ಧ ಗಂಟೆಯಲ್ಲಿ ದೋಣಿಯವರ ಮೆಸೇಜ್ ಬಂತು, ಅಲೆಯ ಏರಿಳಿತದಲ್ಲಿ ಅಲ್ಲಿ ದೋಣಿ ಹಚ್ಚಲಾಗುವುದಿಲ್ಲ, ನಾಳೆ ನೋಡೋಣ. ಗಾಳಿಯಲ್ಲ, ಉಬ್ಬರದ ಅಲೆ. ಮೀನುಗಾರರ ಊರಲ್ಲಿ ಹುಟ್ಟಿದವಳಿಗೆ ಅದನ್ನು ಆ್ಯಪ್ ಹೇಳಬೇಕಿರಲಿಲ್ಲ.

ಆ ದಿನ ವಾರ್ಡೋ ನಮ್ಮ ಕೈ ಬಿಡಲಿಲ್ಲ. ಊರಿನ ಹಳೆಯ ಮರದ ಕಟ್ಟಡಗಳ ಕಿಟಕಿ ಅಂಚುಗಳಲ್ಲೇ ಕಿಟಿವೇಕ್‌ಗಳು ಗೂಡು ಕಟ್ಟಿವೆ, ದಿನವಿಡೀ ತಮ್ಮ ಹೆಸರು ತಾವೇ ಕೂಗುತ್ತವೆ. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಕೂರುವ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಹೇಳುತ್ತಾರಲ್ಲ, ಅಂಥ ಸಲಿಗೆ ಇಲ್ಲಿಲ್ಲ. ಕೆಲವರು ಬಲೆ ಬಿಗಿದು ಓಡಿಸುತ್ತಾರೆ, ಕೆಲವರು ಹಿಕ್ಕೆ ತೊಳೆದುಕೊಂಡು ಸುಮ್ಮನಿರುತ್ತಾರೆ. ನಕ್ಷತ್ರದ ಆಕಾರದ ವಾರ್ಡೋಹುಸ್ ಕೋಟೆ 1730ರ ದಶಕದ್ದು. ಚಳಿಗಾಲದ ಕತ್ತಲೆ ಮುಗಿದು ಸೂರ್ಯ ಪೂರ್ತಿ ಕಂಡ ದಿನ ಅಲ್ಲಿ ತೋಪು ಹಾರಿಸುತ್ತಾರೆ, ಶಾಲೆಗೆ ರಜೆ.

ಆಮೇಲೆ ಸ್ಟೈಲ್ನೆಸ್. 17ನೇ ಶತಮಾನದಲ್ಲಿ ಮಾಟಗಾತಿಯರೆಂದು ಈ ಫಿನ್‌ಮಾರ್ಕ್ ಸೀಮೆಯಲ್ಲಿ ಕೊಂದ 91 ಮಂದಿಯ ಸ್ಮಾರಕ, 2011ರಲ್ಲಿ ತೆರೆದದ್ದು. ಅವರಲ್ಲಿ 77 ಹೆಂಗಸರು. ವಾಸ್ತುಶಿಲ್ಪಿ ಪೀಟರ್ ಝುಮ್ತೋರ್ ಕಟ್ಟಿದ ಉದ್ದನೆ ಕತ್ತಲೆ ಓಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕಿಟಕಿ, ಒಂದು ಬಲ್ಬು, ಒಂದು ಬರಹ. ಪಕ್ಕದ ಗಾಜಿನ ಕೋಣೆಯಲ್ಲಿ ಲೂಯಿಸ್ ಬೂರ್ಜ್ವಾ ಮಾಡಿದ ಉರಿಯುವ ಕುರ್ಚಿ. ಬಿರುಗಾಳಿ ಎಬ್ಬಿಸಿ ದೋಣಿ ಮುಳುಗಿಸಿದರು ಅನ್ನುವುದೂ ಆರೋಪಗಳಲ್ಲಿ ಒಂದು. ಕಡಲು ಯಾಕೆ ಗಂಡಸರನ್ನು ನುಂಗಿತು ಅನ್ನುವುದಕ್ಕೆ ಯಾರನ್ನಾದರೂ ಹಿಡಿದು ಉತ್ತರ ಹೇಳಿಸಬೇಕಿತ್ತು. ಅಮ್ಮ ಅದರೊಳಗೆ ಒಂದು ಗಂಟೆ ಇದ್ದಳು, ಹೊರಗೆ ಬಂದಮೇಲೂ ತುಂಬ ಹೊತ್ತು ಮಾತಾಡಲಿಲ್ಲ. ಹಕ್ಕಿ ನೋಡಲೆಂದು ಹೋದವರು ಇದನ್ನು ಬಿಟ್ಟು ಬರಬೇಡಿ.

ಕೊರತೆ ಹೇಳಲೇಬೇಕೆಂದರೆ, ವಾರ್ಡೋ ನೋಡಲು ಚೆಂದದ ಊರಲ್ಲ. ಮೀನು ಕಾರ್ಖಾನೆಗಳು ಮುಚ್ಚಿ ಜನ ಬಿಟ್ಟುಹೋದ ಗುರುತು ಬೀದಿಬೀದಿಯಲ್ಲಿದೆ. ಪೋಸ್ಟ್‌ಕಾರ್ಡ್ ಬೇಕಾದವರಿಗೆ ಬೇಜಾರಾಗುತ್ತದೆ. 2023ರ ಬೇಸಿಗೆಯಲ್ಲಿ ಫಿನ್‌ಮಾರ್ಕ್‌ನಲ್ಲಿ ಹಕ್ಕಿಜ್ವರಕ್ಕೆ ಕಿಟಿವೇಕ್‌ಗಳು ಸಾವಿರಗಟ್ಟಲೆ ಸತ್ತವು. ಹೊರಡುವ ಮುಂಚೆ ಪ್ರವೇಶವಿದೆಯೇ ಎಂದು ಕೇಳಿಕೊಳ್ಳಿ, ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ.

ಯೆಸ್‌ವೇರ್: ಇಳಿಯದೆ ನೋಡುವ ಜಾಗ

ನಾರ್ಡ್‌ಕಾಪ್, ಅಂದರೆ ಯುರೋಪಿನ ಉತ್ತರ ತುದಿ ಎಂದು ಎಲ್ಲರೂ ಫೋಟೊ ತೆಗೆಸಿಕೊಳ್ಳುವ 307 ಮೀಟರ್ ಎತ್ತರದ ಬಂಡೆ, ನಿಮ್ಮ ಪಟ್ಟಿಯಲ್ಲಿ ಹೇಗೂ ಇದ್ದರೆ ಯೆಸ್‌ವೇರ್ ಅದೇ ದ್ವೀಪದ ಇನ್ನೊಂದು ಬದಿಯಲ್ಲಿದೆ. ಮರವೇ ಇಲ್ಲದ ಮಾಗೆರೊಯಾ ದ್ವೀಪ, ರಸ್ತೆಯ ಮೇಲೆ ಹಿಮಸಾರಂಗಗಳು ನಮ್ಮೂರ ದನಗಳಷ್ಟೇ ನಿಶ್ಚಿಂತೆಯಿಂದ ನಿಂತಿರುತ್ತವೆ. ದೊಡ್ಡ ಊರು ಹೊನ್ನಿಂಗ್ಸ್‌ವೋಗ್. 1944ರಲ್ಲಿ ಹಿಮ್ಮೆಟ್ಟಿದ ಜರ್ಮನ್ ಸೈನ್ಯ ಸೀಮೆಗೆ ಸೀಮೆಯನ್ನೇ ಸುಟ್ಟುಹೋದಾಗ ಆ ಊರಲ್ಲಿ ಉಳಿದದ್ದು ಚರ್ಚೊಂದೇ. ಅದಕ್ಕೇ ಇಲ್ಲಿ ಹಳೆಯ ಮನೆಗಳು ಕಾಣುವುದಿಲ್ಲ.

ಯೆಸ್‌ವೇರ್‌ನ ಎದುರಿಗೆ ಕಡಲಿನಿಂದ ಎದ್ದ ಮೂರು ದೊಡ್ಡ ಬಂಡೆದ್ವೀಪಗಳು, ಯೆಸ್‌ವೇರ್‌ಸ್ಟಾಪ್ಪನ್ ಎಂಬ ಸಂರಕ್ಷಿತ ಪ್ರದೇಶ. ಅಲ್ಲಿ ಇಳಿಯುವುದಿಲ್ಲ, ದೋಣಿ ಸುತ್ತು ಹಾಕಿಸುತ್ತದೆ. ಪಫಿನ್‌ಗಳು ನೀರಿನ ಮೇಲೆ ಹರಡಿಕೊಂಡಿರುತ್ತವೆ, ಮೇಲೆ ಬಿಳಿಬಾಲದ ಕಡಲಹದ್ದು ಬಂದಾಗ ಇಡೀ ಬಂಡೆಯೇ ಕಳಚಿ ಹಾರಿದ ಹಾಗೆ ಎಲ್ಲವೂ ಏಳುತ್ತವೆ. ಹದ್ದು ನೋಡಲು ವಾರ್ಡೋಗಿಂತ ಇದೇ ಮೇಲು. ಗ್ಯಾನೆಟ್ ಹಕ್ಕಿಗಳೂ ಇವೆ. ಆದರೆ ಅಲುಗಾಡುವ ದೋಣಿಯಿಂದ ಫೋಟೊ ತೆಗೆಯುವುದು ನನ್ನ ಕೈಗಂತೂ ಆಗಲಿಲ್ಲ. ಮಂಡಿನೋವಿನವರಿಗೆ ಹತ್ತುವ ಇಳಿಯುವ ಕಷ್ಟವಿಲ್ಲ ಅನ್ನುವುದು ಒಳ್ಳೆಯದು. ದೋಣಿ ಹೊರಡದ ದಿನ? ನಾರ್ಡ್‌ಕಾಪ್‌ಗೆ ಹೋಗಬಹುದು, ಅಲ್ಲಿ ಮಂಜು ಕವಿದಿದ್ದರೆ ಅದೂ ಇಲ್ಲ. ಊರಲ್ಲಿ ಕೂತು ಕಡಲು ನೋಡಲು ಬರುವವರಿಗೆ ಸರಿ, ಮಕ್ಕಳು ರೇಗುತ್ತಾರೆ.

ಗ್ರಿಮ್ಸೇ: ಮೂರು ಗಂಟೆಯ ಪಂದ್ಯ

ಐಸ್‌ಲ್ಯಾಂಡಿನ ಉತ್ತರಕ್ಕೆ 40 ಕಿ.ಮೀ. ದೂರದ ಪುಟ್ಟ ದ್ವೀಪ, 5.3 ಚದರ ಕಿ.ಮೀ., ಅರವತ್ತರ ಸುಮಾರು ಜನ. ದಾಲ್ವಿಕ್‌ನಿಂದ ದೋಣಿಯಲ್ಲಿ ಮೂರು ಗಂಟೆ, ಅಕುರೇರಿಯಿಂದ ಪುಟ್ಟ ವಿಮಾನದಲ್ಲಿ ಅರ್ಧ ಗಂಟೆ. ಇಲ್ಲಿ ಅಪಾಯ ಎರಡು ಕಡೆ. ದೋಣಿ ಹೊರಡದಿರಬಹುದು, ಅಥವಾ ನಿಮ್ಮನ್ನು ಅಲ್ಲಿ ಬಿಟ್ಟಮೇಲೆ ವಾಪಸು ಹೊರಡದಿರಬಹುದು. ಎರಡನೆಯದು ನನಗಾಗಿದೆ. ಮರುದಿನದ ಬೆಂಗಳೂರು ವಿಮಾನದ ಟಿಕೆಟ್ ಜೇಬಲ್ಲಿದ್ದಿದ್ದರೆ ಅಳುತ್ತಿದ್ದೆ. ಇರಲಿಲ್ಲ, ಹಾಗಾಗಿ ಆ ರಾತ್ರಿಯೇ ನನ್ನ ಅತಿ ಒಳ್ಳೆಯ ರಾತ್ರಿ. ದಿನದ ಪ್ರವಾಸಿಗಳೆಲ್ಲ ಹೋದಮೇಲೆ, ಮುಳುಗದ ಬೆಳಕಿನಲ್ಲಿ, ಕಡಲಿಂದ ವಾಪಸಾದ ಪಫಿನ್‌ಗಳು ಬಂಡೆಯಂಚಿಗೆ ಬಂದು ಕೂರುತ್ತವೆ. ಮಧ್ಯಾಹ್ನ ಖಾಲಿ ಕಂಡ ಜಾಗ ರಾತ್ರಿ ಹತ್ತಕ್ಕೆ ತುಂಬಿರುತ್ತದೆ. ಆದ್ದರಿಂದ ಗ್ರಿಮ್ಸೇಗೆ ಹೋಗುವುದಾದರೆ ಉಳಿಯಲು ಹೋಗಿ.

ಆರ್ಕ್ಟಿಕ್ ವೃತ್ತ ಈ ದ್ವೀಪದ ಮೇಲೆ ಹಾಯುತ್ತದೆ, ಆದರೆ ಭೂಮಿಯ ಓಲಾಟದಿಂದಾಗಿ ವರ್ಷಕ್ಕೆ ಹದಿನಾಲ್ಕು ಹದಿನೈದು ಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ. 2017ರಲ್ಲಿ ಮೂರು ಮೀಟರ್ ಅಗಲದ ಕಾಂಕ್ರೀಟ್ ಗುಂಡೊಂದನ್ನು ಅದರ ಗುರುತಾಗಿ ಇಟ್ಟರು, ವೃತ್ತ ಸರಿದಂತೆ ಗುಂಡನ್ನೂ ಉರುಳಿಸುತ್ತಾರೆ. ಈ ಶತಮಾನದ ಮಧ್ಯದ ಹೊತ್ತಿಗೆ ವೃತ್ತ ದ್ವೀಪ ಬಿಟ್ಟು ಕಡಲಿಗಿಳಿಯುತ್ತದೆ. ಗುಂಡಿನ ಹತ್ತಿರ ಹೋಗುವ ದಾರಿಯಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ತಲೆಗೆ ಕುಕ್ಕುತ್ತವೆ. ಒಂದು ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆಯಿರಿ, ಅತಿ ಎತ್ತರದ್ದಕ್ಕೇ ಅವು ಗುರಿಯಿಡುತ್ತವೆ. ನಮ್ಮ ಜನರಿಗೆ ಹಿಡಿಸುವ ಇನ್ನೊಂದು ಕತೆ: ವಿಲಾರ್ಡ್ ಫಿಸ್ಕ್ ಎಂಬ ಅಮೆರಿಕದ ವಿದ್ವಾಂಸ ಈ ದ್ವೀಪದವರು ಚದುರಂಗದ ಹುಚ್ಚರು ಎಂದು ಕೇಳಿ ಮನೆಮನೆಗೆ ಚದುರಂಗದ ಮಣೆ ಕಳಿಸಿದ, ಸಾಯುವಾಗ ಹಣವನ್ನೂ ಬರೆದಿಟ್ಟ. ದ್ವೀಪಕ್ಕೆ ಅವನು ಕಾಲಿಟ್ಟವನೇ ಅಲ್ಲ, ಹಡಗಿನಿಂದ ನೋಡಿದ್ದಷ್ಟೆ. ಅವನ ಹುಟ್ಟಿದ ದಿನ ನವೆಂಬರ್ 11 ಇಂದಿಗೂ ಊರಹಬ್ಬ.

ಉಳಿದ ಎರಡು, ಚುಟುಕಾಗಿ. ಐಸ್‌ಲ್ಯಾಂಡಿನ ಪಶ್ಚಿಮ ತುದಿಯ ಲೌತ್ರಾಬ್ಯಾರ್ಗ್ 14 ಕಿ.ಮೀ. ಉದ್ದ, 441 ಮೀಟರ್ ಎತ್ತರದ ಹಕ್ಕಿಗೋಡೆ. ಗಾತ್ರದಲ್ಲಿ ಮೇಲಿನ ಯಾವುದೂ ಸಾಟಿಯಲ್ಲ, ಆದರೆ ಪಕ್ಕದಲ್ಲಿ ಊರು ಅನ್ನುವಂಥದ್ದಿಲ್ಲ, ಕೊನೆಯ ದಾರಿ ಜಲ್ಲಿ. ಬಾಡಿಗೆ ಕಾರಿನ ಗಾಜಿಗೆ ಕಲ್ಲು ಸಿಡಿದದ್ದಕ್ಕೆ ನಾನು ಕಟ್ಟಿದ ದುಡ್ಡಿನಲ್ಲಿ ಇನ್ನೊಂದು ಪ್ರವಾಸ ಆಗುತ್ತಿತ್ತು, ಜಲ್ಲಿಯ ವಿಮೆ ತೆಗೆದುಕೊಳ್ಳಿ. ಪಫಿನ್‌ಗಳು ಬಿಲ ತೋಡಿ ಅಂಚನ್ನು ಟೊಳ್ಳು ಮಾಡಿರುತ್ತವೆ, ಬಗ್ಗಿ ನೋಡಬೇಡಿ, ಹೊಟ್ಟೆಯ ಮೇಲೆ ಮಲಗಿ ನೋಡಿ. 1947ರ ಡಿಸೆಂಬರ್‌ನಲ್ಲಿ ಈ ಗೋಡೆಯ ಬುಡಕ್ಕೆ ಬಡಿದ ಬ್ರಿಟಿಷ್ ಮೀನುಹಡಗಿನ 12 ಜನರನ್ನು ಸುತ್ತಲ ಹಳ್ಳಿಯ ರೈತರು ಹಗ್ಗದಲ್ಲಿ ಇಳಿದು ಎತ್ತಿ ತಂದರು. ಹಕ್ಕಿಮೊಟ್ಟೆ ತೆಗೆಯಲು ತಲೆಮಾರುಗಳಿಂದ ಹಾಗೆ ಇಳಿದ ಅಭ್ಯಾಸ ಆವತ್ತು ಕೈಹಿಡಿಯಿತು.

ಫ್ಯಾರೋ ದ್ವೀಪಗಳ ಮಿಚಿನೆಸ್ ಎಲ್ಲಕ್ಕಿಂತ ಚೆಂದ, ಎಲ್ಲಕ್ಕಿಂತ ಕೈಕೊಡುವ ಜಾಗವೂ ಅದೇ. ಸೋರ್‌ವೋಗುರ್‌ನಿಂದ ಮುಕ್ಕಾಲು ಗಂಟೆಯ ದೋಣಿ, ರದ್ದಾಗುವುದು ಮಾಮೂಲು. ಜೊತೆಗೆ ವೀಸಾ. ನಾರ್ವೆ, ಐಸ್‌ಲ್ಯಾಂಡ್ ಎರಡಕ್ಕೂ ಒಂದೇ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾ, ಸಾಕು. ಫ್ಯಾರೋ ಡೆನ್ಮಾರ್ಕ್‌ಗೆ ಸೇರಿದ್ದರೂ ಶೆಂಗೆನ್ ಒಳಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರ ವೀಸಾದ ಮೇಲೆ ಫ್ಯಾರೋ ದ್ವೀಪಗಳಿಗೂ ಮಾನ್ಯ ಎಂದು ಬರೆಸಿರಬೇಕು. ಅರ್ಜಿ ಹಾಕುವಾಗಲೇ ಹೇಳದಿದ್ದರೆ ಆಮೇಲೆ ಆಗುವ ಕೆಲಸವಲ್ಲ.

ಊಟ, ಬಟ್ಟೆ, ದಿನದ ಲೆಕ್ಕ

ಸಸ್ಯಾಹಾರಿಗಳಿಗೆ ಈ ಎಲ್ಲ ಊರುಗಳಲ್ಲೂ ಹೋಟೆಲ್ ಎಂದರೆ ಬ್ರೆಡ್ಡು, ಆಲೂಗಡ್ಡೆ, ಅದೃಷ್ಟವಿದ್ದರೆ ಒಂದು ಸೂಪು. ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ನಾರ್ವೆಯಲ್ಲಿ ಮೀನುಗಾರರ ಹಳೆಯ ತಂಗುಮನೆಗಳನ್ನು ರೂರ್‌ಬು ಅನ್ನುತ್ತಾರೆ, ಈಗ ಬಾಡಿಗೆಗೆ ಕೊಡುವ ಬಹುಪಾಲು ರೂರ್‌ಬುಗಳಲ್ಲಿ ಒಲೆಯಿರುತ್ತದೆ. ಸಾಮಾನು ಸಿಗುವುದರಲ್ಲಿ ವಾರ್ಡೋ ಮೇಲು, ಸರಿಯಾದ ಸೂಪರ್ ಮಾರ್ಕೆಟ್ ಇದೆ. ಗ್ರಿಮ್ಸೇಗೆ ದಡದಿಂದಲೇ ಕೊಂಡೊಯ್ಯಿರಿ. ಊರಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ತನ್ನಿ, ತೊಂದರೆಯಿಲ್ಲ. ತುಪ್ಪ ತರಬೇಡಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಓಸ್ಲೋ ವಿಮಾನನಿಲ್ದಾಣದಲ್ಲಿ ಅತ್ತೆಯವರ ಎರಡು ಕೆ.ಜಿ. ತುಪ್ಪ ಕಸದ ಡಬ್ಬಿಗೆ ಬಿದ್ದದ್ದನ್ನು ನಮ್ಮ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ. ಮೀನು ತಿನ್ನುವವರಿಗೆ ಸ್ವರ್ಗ, ಆದರೆ ಖಾರದ ಪುಡಿ ಜೇಬಲ್ಲಿರಲಿ.

ಜುಲೈಯಲ್ಲೂ ಹತ್ತು ಡಿಗ್ರಿಯ ಆಸುಪಾಸು, ಗಾಳಿ ಸೇರಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ದುಬಾರಿ ಜಾಕೆಟ್‌ನ ಮೇಲೆ ನಮ್ಮೂರ ಅಗ್ಗದ ರೈನ್‌ಕೋಟ್ ಹಾಕಿ. ಚಳಿಗಲ್ಲ, ಹೋರ್ನೊಯಾದ ಬಂಡೆಯಡಿ ನಿಂತಾಗ ಮೇಲಿಂದ ಬೀಳುವುದಕ್ಕೆ. ಮೇಲೆ ನೋಡುವಾಗ ಬಾಯಿ ಮುಚ್ಚಿರಿ.

ದಿನ ಎಷ್ಟು ಇಟ್ಟುಕೊಳ್ಳಬೇಕು? ಬೋರ್ಗಾರ್‌ಫ್ಯೋರ್ದುರ್‌ಗೆ ಒಂದು ರಾತ್ರಿ. ವಾರ್ಡೋಗೆ ಮೂರು. ಯೆಸ್‌ವೇರ್‌ಗೆ ಎರಡು, ನಾರ್ಡ್‌ಕಾಪ್ ಸೇರಿಸಿ. ಗ್ರಿಮ್ಸೇಗೆ ಎರಡು, ಆಮೇಲೆ ದಡದಲ್ಲಿ ಇನ್ನೊಂದು ರಾತ್ರಿ ಖಾಲಿ ಬಿಟ್ಟು ವಿಮಾನದ ಟಿಕೆಟ್ ಮಾಡಿ. ಜೂನ್ ಮಧ್ಯದಿಂದ ಜುಲೈ ಮಧ್ಯ ಎಲ್ಲಕ್ಕೂ ಸರಿಯಾದ ಕಾಲ. ಶಾಲೆಯ ರಜೆ ಏಪ್ರಿಲ್-ಮೇಯಲ್ಲಷ್ಟೇ ಸಿಗುವುದು ಎನ್ನುವವರು ಮೇ ಕೊನೆಗೆ ಹೋರ್ನೊಯಾ ಅಥವಾ ಹಾಫ್ನಾರ್‌ಹೋಲ್ಮಿ ನೋಡಬಹುದು, ಮರಿಗಳಿರುವುದಿಲ್ಲ, ಮೊಟ್ಟೆಯ ಮೇಲೆ ಕೂತ ಹಕ್ಕಿಗಳಿರುತ್ತವೆ. ದೋಣಿಯ ಟಿಕೆಟ್ಟನ್ನು ಉಳಿಯುವ ಮೊದಲ ದಿನಕ್ಕೇ ತೆಗೆದುಕೊಳ್ಳಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನಮ್ಮ ದೋಣಿ ಹೊರಟದ್ದು ಎರಡನೇ ದಿನ ಬೆಳಿಗ್ಗೆ. ಅಮ್ಮ ಕಿಟಕಿಯಿಂದ ಒಮ್ಮೆ ಇಣುಕಿ, ಏನೂ ಹೇಳದೆ ಶೂಗೆ ಕೈ ಹಾಕಿದ್ದಳು.